ಓದಲು ಬಾರದ ಮಗುವನ್ನು ಹಾಸ್ಟೆಲಿಗೆ ಕಳುಹಿಸುವ ಮೊದಲು

ಬೆಳಗ್ಗೆ ಮದ್ರಸಕ್ಕೆ ಹೊರಡುವ ಹೊತ್ತಿಗೆ ನಮ್ಮ ಮನೆಯ ಹುಡುಗನಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಶುಕ್ರವಾರ ಮದ್ರಸಕ್ಕೆ ರಜೆ, ಅವತ್ತು ಶಾಲೆಯ ಬಸ್ಸು ಬರುವಾಗ ನೋವು. ನೋವೇ ಇಲ್ಲದ ದಿನ ಎಂದರೆ ಪೆರ್ನಾಲ್ ರಜೆ ಮಾತ್ರ. ಮೊದಮೊದಲು ಜೀರಿಗೆ ಕಷಾಯ ಕುಡಿಸಿದೆವು, ಮತ್ತೆ ಡಾಕ್ಟರಿಗೆ ತೋರಿಸಿದೆವು, ಆಮೇಲೆ ಬೈದೆವು. ಮೂರನೇ ತರಗತಿ ಮುಗಿಯುವಾಗಲೂ ಅವನಿಗೆ ಕನ್ನಡ ಪುಸ್ತಕದ ಒಂದು ಸಾಲು ನೆಟ್ಟಗೆ ಓದಲಿಕ್ಕೆ ಬರುತ್ತಿರಲಿಲ್ಲ. ಆದರೆ ಉಸ್ತಾದರು ಬಾಯಲ್ಲಿ ಹೇಳಿಕೊಟ್ಟದ್ದನ್ನು ಎರಡು ಸಲ ಕೇಳಿದರೆ ಸಾಕು, ಹಾಗೇ ಒಪ್ಪಿಸುತ್ತಿದ್ದ. ಅದೇ ಪಾಠವನ್ನು ಕಿತಾಬಿನಲ್ಲಿ ಬೆರಳಿಟ್ಟು ಓದು ಎಂದರೆ ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ.

'ಇಷ್ಟೆಲ್ಲ ನೆನಪಿರುವವನಿಗೆ ಓದಲಿಕ್ಕೆ ಮಾತ್ರ ಆಗುವುದಿಲ್ಲವಾ? ಉದಾಸೀನ, ಬೇರೆಂತ ಅಲ್ಲ' ಅಂತ ತೀರ್ಮಾನ ಆಯಿತು. ದಮ್ಮಾಮಿನಲ್ಲಿದ್ದ ಅವನ ಉಪ್ಪ ಫೋನಿನಲ್ಲೇ ದಾರಿ ಹೇಳಿದರು. 'ಉಮ್ಮನ ಮುದ್ದು ಜಾಸ್ತಿ ಆಯಿತು. ಹಾಸ್ಟೆಲಿಗೆ ಹಾಕಿ. ಅಲ್ಲಿ ಶಿಸ್ತು ಉಂಟು, ಸರಿ ಆಗ್ತಾನೆ.' ಒಂಬತ್ತು ವರ್ಷದ ಹುಡುಗನನ್ನು ಘಟ್ಟದ ಮೇಲಿನ ಒಂದು ವಸತಿ ಶಾಲೆಗೆ ಬಿಟ್ಟು ಬಂದೆವು. ಶಾಲೆ ಕೆಟ್ಟದ್ದಲ್ಲ. ಊಟ, ಆಟ, ಪ್ರಾರ್ಥನೆಯ ಸಮಯ ಎಲ್ಲ ಅಚ್ಚುಕಟ್ಟು. ಆದರೆ ಅಲ್ಲಿ ತರಗತಿಗೆ ನಲವತ್ತೈದು ಮಕ್ಕಳು. ಇಲ್ಲಿ ಓದಲಾಗದವನು ಅಲ್ಲೂ ಓದಲಾಗದವನೇ ಆದ. ವ್ಯತ್ಯಾಸ ಇಷ್ಟೇ, ರಾತ್ರಿ ಅಳುವಾಗ ಹತ್ತಿರ ಉಮ್ಮ ಇರಲಿಲ್ಲ. ಆರು ತಿಂಗಳಲ್ಲಿ ವಾಪಸ್ ಕರೆದುಕೊಂಡು ಬಂದೆವು. ಬಂದವನು ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ.

ಆಮೇಲೆ ಒಬ್ಬರು ಮಕ್ಕಳ ಡಾಕ್ಟರ್ ಅವನ ನೋಟ್ ಪುಸ್ತಕ ತಿರುವಿ ನೋಡಿ 'ಇವನನ್ನು ಓದಿನ ಪರೀಕ್ಷೆಗೆ ಕಳುಹಿಸಿ' ಎಂದರು. ಡಿಸ್ಲೆಕ್ಸಿಯಾ ಎಂಬ ಶಬ್ದ ನಮ್ಮ ಮನೆಗೆ ಬಂದದ್ದು ಹಾಗೆ. ಇವತ್ತು ಇದನ್ನು ಬರೆಯುವುದಕ್ಕೆ ಕಾರಣ ಉಂಟು. ಓದಲು ಬಾರದ ಮಗುವನ್ನು 'ಸರಿ ಮಾಡಲಿಕ್ಕೆ' ದೂರ ಕಳುಹಿಸುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ಇಂತಹ ಮಕ್ಕಳಿಗಾಗಿಯೇ ಕಟ್ಟಿದ ವಸತಿ ಶಾಲೆಗಳು ಜಗತ್ತಿನಲ್ಲಿ ಇವೆ ಎನ್ನುವುದು ನಿಜ. ಆದರೆ ಅವು ಬೇರೆ, ನಾವು ಕಳುಹಿಸುವ ಹಾಸ್ಟೆಲ್ ಬೇರೆ. ಆ ವ್ಯತ್ಯಾಸ ಗೊತ್ತಿಲ್ಲದ್ದಕ್ಕೆ ನಾವು ಆರು ತಿಂಗಳು ಕಳೆದೆವು. ಎಷ್ಟೋ ಮನೆಯವರು ಮಗುವಿನ ಇಡೀ ಬಾಲ್ಯವನ್ನೇ ಕಳೆಯುತ್ತಾರೆ.

ನೂರು ವರ್ಷಕ್ಕೂ ಹಿಂದಿನ ಹುಡುಗ

ಇದು ಈಗಿನ ಮೊಬೈಲ್ ಕಾಲದ ಕಾಯಿಲೆ ಎಂದು ಹೇಳುವವರಿದ್ದಾರೆ. ಅಲ್ಲ. 'ಡಿಸ್ಲೆಕ್ಸಿಯಾ' ಎಂಬ ಹೆಸರನ್ನು ಕೊಟ್ಟದ್ದು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್, 1887ರಷ್ಟು ಹಿಂದೆ. 1896ರಲ್ಲಿ ಇಂಗ್ಲೆಂಡಿನ ಸೀಫೋರ್ಡ್ ಎಂಬ ಕಡಲ ತೀರದ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್, ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದರು. ಹುಡುಗ ಚುರುಕು, ಆಟದಲ್ಲಿ ಮುಂದು. ಏಳನೇ ವಯಸ್ಸಿನಿಂದ ಪಾಠ ಹೇಳಿಸಿಕೊಂಡರೂ ಚಿಕ್ಕ ಚಿಕ್ಕ ಪದಗಳನ್ನು ಓದಲಿಕ್ಕೂ ಕಷ್ಟಪಡುತ್ತಿದ್ದ. ತನ್ನ ಹೆಸರನ್ನೇ ಅಕ್ಷರ ಹಿಂದು ಮುಂದಾಗಿ ಬರೆಯುತ್ತಿದ್ದ. ಆದರೆ 749ನ್ನು 867ರಿಂದ ಗುಣಿಸು ಎಂದರೆ ಬೇಗನೆ ಸರಿಯಾದ ಉತ್ತರ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ.

ಇದನ್ನು ಓದಿದಾಗ ನಮಗೆ ನಮ್ಮ ಹುಡುಗನೇ ಕಣ್ಣ ಮುಂದೆ ಬಂದ. ಕಿವಿಯಿಂದ ಕಲಿತದ್ದೆಲ್ಲ ಒಳಗೆ ಹೋಗುತ್ತದೆ, ಕಣ್ಣಿನ ದಾರಿಯಲ್ಲಿ ಮಾತ್ರ ಬಾಗಿಲು ಬಿಗಿ. ತೊಂದರೆ ಕಣ್ಣಿನದ್ದೂ ಅಲ್ಲ, ಬುದ್ಧಿಯದ್ದೂ ಅಲ್ಲ. ಪದದೊಳಗಿನ ಸದ್ದುಗಳನ್ನು ಬಿಡಿಸಿ, ಒಂದೊಂದು ಸದ್ದನ್ನು ಒಂದೊಂದು ಅಕ್ಷರಕ್ಕೆ ಜೋಡಿಸುವ ಕೆಲಸ ಮಿದುಳಿಗೆ ಸಲೀಸಾಗಿ ಆಗುವುದಿಲ್ಲ. ಹುಟ್ಟಿನಿಂದಲೇ ಇರುವಂಥದ್ದು. ಅನೇಕ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ನಮ್ಮ ಹುಡುಗನ ಪರೀಕ್ಷೆಯ ವರದಿಯನ್ನು ಫೋನಿನಲ್ಲಿ ವಿವರಿಸಿದಾಗ ಅವನ ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಹೇಳಿದರು, 'ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಯಾಕೆ ಅಂತ ನಿಮಗೆ ಗೊತ್ತುಂಟಾ?'

ನಾಲ್ಕು ಲಿಪಿ, ಒಂದು ಮಗು

ನಮ್ಮ ಮಕ್ಕಳ ಹೊರೆ ಸ್ವಲ್ಪ ಜಾಸ್ತಿಯೇ. ಮನೆಯಲ್ಲಿ ಬ್ಯಾರಿ, ಅಂಗಡಿ ಹತ್ತಿರ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ, ದೊಡ್ಡ ಕ್ಲಾಸಿಗೆ ಹೋದರೆ ಹಿಂದಿ. ಮಾತಿಗೆ ಇದು ಭಾರವಲ್ಲ. ಭಾಷೆ ಹೆಚ್ಚಾದದ್ದರಿಂದ ಡಿಸ್ಲೆಕ್ಸಿಯಾ ಬರುವುದೂ ಇಲ್ಲ. ಆದರೆ ಅಕ್ಷರದಲ್ಲಿ ಎಡವುವ ಮಗು ನಾಲ್ಕು ಲಿಪಿಯಲ್ಲಿಯೂ ನಾಲ್ಕು ಥರ ಎಡವುತ್ತದೆ.

ಅರಬಿಯಲ್ಲಿ ಬಾ, ತಾ, ಸಾ ಅಕ್ಷರಗಳ ರೂಪ ಒಂದೇ, ವ್ಯತ್ಯಾಸ ಇರುವುದು ಚುಕ್ಕಿಯಲ್ಲಿ. ಪದದ ಮೊದಲು, ನಡುವೆ, ಕೊನೆ ಎಂದು ಅಕ್ಷರದ ಆಕಾರವೂ ಬದಲಾಗುತ್ತದೆ. ಓದುವುದು ಬಲದಿಂದ ಎಡಕ್ಕೆ. ಕನ್ನಡದಲ್ಲಿ ಬರೆದಂತೆ ಓದು ಎನ್ನುವ ಅನುಕೂಲ ಉಂಟು, ಆದರೆ ಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಪ, ಫ, ಷ ಒಂದರ ಹಾಗೆ ಇನ್ನೊಂದು ಕಾಣುತ್ತದೆ. ದ, ಧ, ಥ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಅಕ್ಷರ ಕಡಿಮೆ, ಆದರೆ ಬರೆದದ್ದು ಒಂದು, ಓದುವುದು ಇನ್ನೊಂದು. ಹೀಗಾಗಿ ಕನ್ನಡದಲ್ಲಿ ಇಂತಹ ಮಗು ತಪ್ಪು ಓದುವುದಕ್ಕಿಂತ ಹೆಚ್ಚಾಗಿ ತುಂಬ ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಓದುತ್ತದೆ. ಸಾಲಿನ ಕೊನೆಗೆ ಬರುವಾಗ ಮೊದಲು ಓದಿದ್ದು ಮರೆತುಹೋಗಿರುತ್ತದೆ.

ಹಾಗಾಗಿ 'ಇಂಗ್ಲಿಷ್ ಬರುವುದಿಲ್ಲ, ಕನ್ನಡ ಮೀಡಿಯಂಗೆ ಹಾಕುವ', 'ಶಾಲೆಯಲ್ಲಿ ಆಗುವುದಿಲ್ಲ, ದರ್ಸಿಗೆ ಹಾಕುವ' ಎಂದು ಸ್ಥಳ ಬದಲಿಸುವುದರಿಂದ ತೊಡಕು ಬಿಡುವುದಿಲ್ಲ. ಮಗು ಎಲ್ಲಿಗೆ ಹೋದರೂ ಅದು ಜೊತೆಗೇ ಬರುತ್ತದೆ.

ಇವರಿಗಾಗಿಯೇ ಕಟ್ಟಿದ ಶಾಲೆಗಳು

ಹಾಗಾದರೆ ಇಂತಹ ಮಕ್ಕಳ ವಿಶೇಷ ಶಾಲೆಗಳಲ್ಲಿ ಅಂಥದ್ದೇನು ನಡೆಯುತ್ತದೆ? ಹಾಸ್ಟೆಲಿನಲ್ಲಿ ಏಟು ತಿಂದ ಮೇಲೆ ನಾವು ಇದನ್ನು ಹುಡುಕಲು ಹೊರಟೆವು.

ದಾರಿ ತೋರಿಸಿದವರು ಅಮೆರಿಕದ ವೈದ್ಯ ಸ್ಯಾಮುಯೆಲ್ ಆರ್ಟನ್. 1920ರ ದಶಕದಲ್ಲಿ ಅಯೋವಾ ರಾಜ್ಯದಲ್ಲಿ ಓದಲಾಗದ ಮಕ್ಕಳನ್ನು ಅವರು ಪರೀಕ್ಷಿಸಿದರು. ಅವರೊಂದಿಗೆ ಕೆಲಸ ಮಾಡಿದ ಶಿಕ್ಷಕಿ ಆ್ಯನಾ ಗಿಲ್ಲಿಂಗ್‌ಹ್ಯಾಮ್, ತನ್ನ ಸಂಗಾತಿ ಬೆಸ್ಸಿ ಸ್ಟಿಲ್‌ಮನ್ ಜೊತೆ ಸೇರಿ 1930ರ ದಶಕದಲ್ಲಿ ಪಾಠದ ಕ್ರಮವನ್ನೇ ಬರೆದಿಟ್ಟರು. ಇವತ್ತಿಗೂ ಡಿಸ್ಲೆಕ್ಸಿಯಾ ಶಾಲೆಗಳಲ್ಲಿ ನಡೆಯುವ ಪಾಠಗಳ ಬೇರು ಹೆಚ್ಚಾಗಿ ಅಲ್ಲೇ ಇರುವುದು. ಕ್ರಮ ಸರಳ. ಒಂದು ಸದ್ದನ್ನು ಮಗು ಕೇಳಬೇಕು, ಬಾಯಲ್ಲಿ ಹೇಳಬೇಕು, ಅದರ ಅಕ್ಷರವನ್ನು ಕಣ್ಣಲ್ಲಿ ನೋಡಬೇಕು, ಕೈಯಲ್ಲಿ ಬರೆಯಬೇಕು. ನಾಲ್ಕೂ ಒಟ್ಟಿಗೆ. ಒಂದು ಗಟ್ಟಿಯಾದ ಮೇಲೆಯೇ ಇನ್ನೊಂದು. ನಿನ್ನೆಯದ್ದನ್ನು ಇವತ್ತು ಮತ್ತೆ, ನಾಳೆ ಮತ್ತೆ. ಅಂದಾಜಿನಲ್ಲಿ ಓದು ಎಂದು ಮಗುವನ್ನು ಯಾವತ್ತೂ ಬಿಡುವುದಿಲ್ಲ.

1926ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಹತ್ತಿರ ಪೀಟರ್ ಗೌ ಎಂಬವರು ಇಂತಹ ಹುಡುಗರಿಗಾಗಿ ಒಂದು ವಸತಿ ಶಾಲೆ ತೆರೆದರು. ಗೌ ಸ್ಕೂಲ್ ಈಗಲೂ ನಡೆಯುತ್ತಿದೆ. 1971ರಲ್ಲಿ ಮ್ಯಾಸಚುಸೆಟ್ಸ್‌ನಲ್ಲಿ ಚಾರ್ಲ್ಸ್ ಡ್ರೇಕ್ ಆರಂಭಿಸಿದ ಲ್ಯಾಂಡ್‌ಮಾರ್ಕ್ ಸ್ಕೂಲಿನಲ್ಲಿ ಅಲ್ಲೇ ಉಳಿಯುವವರೂ ಇದ್ದಾರೆ, ದಿನಾ ಮನೆಯಿಂದ ಬಂದು ಹೋಗುವವರೂ ಇದ್ದಾರೆ. ಅಲ್ಲಿನ ಹೆಗ್ಗುರುತು ಎಂದರೆ ಒಂದು ಮಗುವಿಗೆ ಒಬ್ಬರೇ ಶಿಕ್ಷಕರು ಕುಳಿತು ದಿನವೂ ಕೊಡುವ ಪಾಠ. ಇಂಗ್ಲೆಂಡಿನಲ್ಲಿಯೂ ಇಂತಹ ಶಾಲೆಗಳಿವೆ. ಕೆಲವು ಕಡೆ ಸೋಮವಾರದಿಂದ ಶುಕ್ರವಾರದ ತನಕ ಶಾಲೆಯಲ್ಲಿ, ಶನಿವಾರ ಭಾನುವಾರ ಮನೆಯಲ್ಲಿ ಎಂಬ ವ್ಯವಸ್ಥೆ ಉಂಟು.

ಇಂತಹ ಶಾಲೆಗಳಲ್ಲಿ ತರಗತಿ ಚಿಕ್ಕದು. ಎಲ್ಲ ವಿಷಯದ ಶಿಕ್ಷಕರಿಗೂ, ವಿಜ್ಞಾನದವರಿಗೂ ಕೂಡ, ಡಿಸ್ಲೆಕ್ಸಿಯಾದ ತರಬೇತಿ ಇರುತ್ತದೆ. ಉದ್ದುದ್ದ ಪಾಠವನ್ನು ಬೋರ್ಡಿನಿಂದ ನಕಲು ಮಾಡಿಸುವುದಿಲ್ಲ. ಪಠ್ಯವನ್ನು ಕೇಳಿಸುತ್ತಾರೆ, ಉತ್ತರವನ್ನು ಟೈಪ್ ಮಾಡಲು ಬಿಡುತ್ತಾರೆ. ಸಂಜೆ ವಸತಿಯಲ್ಲಿ ಹೋಮ್‌ವರ್ಕ್ ಹೊತ್ತಿಗೆ ಪಕ್ಕದಲ್ಲಿ ಗೊತ್ತಿರುವವರು ಇರುತ್ತಾರೆ. ನಾವು ನೋಡಿದ ಹಾಸ್ಟೆಲಿಗೂ ಇದಕ್ಕೂ ಸಮಾನವಾದದ್ದು ಒಂದೇ, ಮಂಚ.

ಷಾನನ್ ಕಾರ್ಟರಳ ಮೂರು ವರ್ಷ

ಇದರಿಂದ ಫಲ ಉಂಟಾ ಎಂದು ಕೇಳಬಹುದು. ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋದ ಒಂದು ಪ್ರಕರಣ ಹೇಳುತ್ತೇವೆ.

ಸೌತ್ ಕ್ಯಾರೊಲಿನಾದ ಫ್ಲಾರೆನ್ಸ್ ಕೌಂಟಿಯಲ್ಲಿ ಷಾನನ್ ಕಾರ್ಟರ್ ಎಂಬ ಹುಡುಗಿ. 1985ರಲ್ಲಿ ಒಂಬತ್ತನೇ ತರಗತಿಯಲ್ಲಿರುವಾಗ ಕಲಿಕೆಯ ತೊಂದರೆ ಗೊತ್ತಾಯಿತು. ಅವಳ ಓದಿನ ಮಟ್ಟ ಐದನೇ ತರಗತಿಯದ್ದು. ಸರಕಾರಿ ಶಾಲೆಯವರು ವಾರಕ್ಕೆ ಮೂರು ಪಿರಿಯಡ್ ವಿಶೇಷ ಪಾಠ ಕೊಡುತ್ತೇವೆ, ಒಂದು ವರ್ಷದಲ್ಲಿ ನಾಲ್ಕು ತಿಂಗಳಷ್ಟು ಮುಂದೆ ಹೋದರೆ ಸಾಕು ಎಂದು ಗುರಿ ಇಟ್ಟರು. ಅಂದರೆ ಹನ್ನೆರಡು ತಿಂಗಳು ಕಲಿತು ನಾಲ್ಕು ತಿಂಗಳ ಓದು. ಹೆತ್ತವರು ಒಪ್ಪಲಿಲ್ಲ. ಇಂತಹ ಮಕ್ಕಳಿಗಾಗಿಯೇ ಇದ್ದ ಟ್ರೈಡೆಂಟ್ ಅಕಾಡೆಮಿ ಎಂಬ ಖಾಸಗಿ ಶಾಲೆಗೆ ಸ್ವಂತ ಖರ್ಚಿನಲ್ಲಿ ಸೇರಿಸಿದರು, ಜಿಲ್ಲೆಯ ಮೇಲೆ ದಾವೆಯನ್ನೂ ಹೂಡಿದರು. ಷಾನನ್ 1988ರಲ್ಲಿ ಆ ಶಾಲೆಯಿಂದ ಪಾಸಾಗಿ ಹೊರಬಂದಳು. ಮೂರು ವರ್ಷದಲ್ಲಿ ಅವಳ ಓದು ಮೂರು ತರಗತಿಯಷ್ಟು ಮೇಲೇರಿತ್ತು.

1993ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ತೀರ್ಪು ಕೊಟ್ಟರು. ಸರಕಾರಿ ವ್ಯವಸ್ಥೆ ತಕ್ಕ ಶಿಕ್ಷಣ ಕೊಡದಿದ್ದಾಗ ಹೆತ್ತವರು ಸರಿಯಾದ ಶಾಲೆ ಹುಡುಕಿದರೆ, ಆ ಶಾಲೆ ರಾಜ್ಯದ ಮಾನ್ಯತಾ ಪಟ್ಟಿಯಲ್ಲಿ ಇಲ್ಲದಿದ್ದರೂ ಖರ್ಚು ಮರಳಿ ಕೊಡಬಹುದು ಎಂದರು. ಇಂಗ್ಲೆಂಡಿನಲ್ಲಿ 2014ರ ಕಾನೂನಿನ ಪ್ರಕಾರ ಮಗುವಿನ ಅಗತ್ಯವನ್ನು ಬರೆದಿಟ್ಟ ಯೋಜನೆಯಲ್ಲಿ ವಿಶೇಷ ಶಾಲೆಯ ಹೆಸರು ಸೇರಿದರೆ ಅದರ ವೆಚ್ಚವನ್ನು ಸ್ಥಳೀಯ ಆಡಳಿತ ಭರಿಸುತ್ತದೆ. ಆ ಹೆಸರು ಸೇರಿಸಲಿಕ್ಕೆ ಅನೇಕ ತಂದೆತಾಯಿ ವರ್ಷಗಟ್ಟಲೆ ಓಡಾಡುತ್ತಾರೆ, ಅದು ಬೇರೆ ಮಾತು. ಸ್ವಂತ ಕಿಸೆಯಿಂದ ಕಟ್ಟುವುದಾದರೆ ಅಲ್ಲಿನ ವಸತಿ ಶಾಲೆಗೆ ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು.

ವಸತಿ ಒಳ್ಳೆಯದಾ, ದಿನಾ ಹೋಗಿಬರುವುದು ಒಳ್ಳೆಯದಾ?

2007ರಲ್ಲಿ ಬಂದ 'ತಾರೇ ಝಮೀನ್ ಪರ್' ಸಿನೆಮಾ ಹೆಚ್ಚಿನ ಮನೆಯವರು ನೋಡಿರಬಹುದು. ಎಂಟು ವರ್ಷದ ಇಶಾನ್‌ನನ್ನು ತಂದೆ ವಸತಿ ಶಾಲೆಗೆ ಹಾಕುತ್ತಾರೆ. ಎಷ್ಟೋ ಜನ ಆ ಕಥೆಯನ್ನು 'ಬೋರ್ಡಿಂಗಿಗೆ ಹೋಗಿ ಹುಡುಗ ಸರಿಯಾದ' ಎಂದು ನೆನಪಿಟ್ಟುಕೊಂಡಿದ್ದಾರೆ. ಇನ್ನೊಮ್ಮೆ ನೋಡಿ. ಬೋರ್ಡಿಂಗಿಗೆ ಹೋದ ಮೇಲೆ ಹುಡುಗ ಇನ್ನೂ ಮುದುಡಿದ, ಚಿತ್ರ ಬಿಡಿಸುವುದನ್ನೂ ನಿಲ್ಲಿಸಿದ. ಅವನನ್ನು ಎತ್ತಿದ್ದು ತೊಂದರೆ ಏನೆಂದು ಗುರುತಿಸಿ, ಮರಳಿನಲ್ಲಿ ಬರೆಸಿ, ಮಣ್ಣಿನಲ್ಲಿ ಅಕ್ಷರ ಮಾಡಿಸಿ ಕಲಿಸಿದ ಒಬ್ಬ ಮೇಷ್ಟ್ರು. ಆ ಮೇಷ್ಟ್ರು ಇಶಾನ್‌ನ ಊರಿನ ಶಾಲೆಯಲ್ಲೇ ಇದ್ದಿದ್ದರೆ ಅವನು ಮನೆ ಬಿಡಬೇಕಾಗಿಯೇ ಇರಲಿಲ್ಲ.

ಅಂದರೆ ಮದ್ದು ದೂರದಲ್ಲಿಲ್ಲ, ಪಾಠದ ಕ್ರಮದಲ್ಲಿ ಉಂಟು. ವಿಶೇಷ ವಸತಿ ಶಾಲೆಗೆ ಅದರದ್ದೇ ಲಾಭ ಇಲ್ಲವೆಂದಲ್ಲ. ಮನೆಯಲ್ಲಿ ದಿನಾ ಸಂಜೆ ನಡೆಯುವ ಹೋಮ್‌ವರ್ಕ್ ಜಗಳ ನಿಲ್ಲುತ್ತದೆ. ತನ್ನಂತಹ ಇತರರನ್ನು ನೋಡಿ 'ನಾನೊಬ್ಬನೇ ಅಲ್ಲ' ಎಂದು ಮಗುವಿಗೆ ಧೈರ್ಯ ಬರುತ್ತದೆ. ಊರಲ್ಲಿ ಯಾವ ಅನುಕೂಲವೂ ಇಲ್ಲದ, ತೊಂದರೆ ತೀವ್ರವಾಗಿರುವ ದೊಡ್ಡ ಮಕ್ಕಳಿಗೆ ಅದು ಬೇಕಾಗಬಹುದು. ಆದರೆ ಚಿಕ್ಕ ಮಗುವಿಗೆ ಉಮ್ಮನ ಮಡಿಲು, ಮನೆಮಾತು, ಗೊತ್ತಿರುವ ಮುಖಗಳು ಕೂಡ ಕಲಿಕೆಯ ಭಾಗ. ದಿನಾ ಹೋಗಿಬರುವ ಶಾಲೆಯಾದರೆ ಅಲ್ಲಿ ಕಲಿಸುವ ರೀತಿಯನ್ನು ಮನೆಯವರೂ ಕಲಿಯುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಮಾದರಿ ಚೆನ್ನೈಯಲ್ಲಿ ಉಂಟು. 1990ರ ದಶಕದ ಆರಂಭದಲ್ಲಿ ಹುಟ್ಟಿದ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಶನ್ 'ಅನನ್ಯ' ಎಂಬ ಕೇಂದ್ರವನ್ನು ನಡೆಸುತ್ತದೆ. ಮಕ್ಕಳು ಕೆಲವು ಕಾಲ ಪೂರ್ತಿ ಅಲ್ಲೇ ಕಲಿತು, ಓದು ಹಿಡಿತಕ್ಕೆ ಬಂದ ಮೇಲೆ ಸಾಮಾನ್ಯ ಶಾಲೆಗೆ ಮರಳುತ್ತಾರೆ. ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತಾರೆ. ವಿಶೇಷ ಶಾಲೆ ಎಂದರೆ ಮಗುವನ್ನು ಅಲ್ಲೇ ಇಟ್ಟುಕೊಳ್ಳುವ ಜಾಗವಲ್ಲ, ದಾಟಿಸುವ ಸೇತುವೆ ಎಂದು ನಮಗೆ ಅರ್ಥವಾದದ್ದು ಇದರಿಂದ.

ಕಾನೂನು ಏನು ಕೊಡುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳನ್ನು ಸೇರಿಸಿದ್ದಾರೆ. ಅದರಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ' ಒಂದು, ಡಿಸ್ಲೆಕ್ಸಿಯಾ ಬರುವುದು ಇದರಡಿ. ಮಕ್ಕಳಲ್ಲಿ ಇದನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಯ ಹೊಣೆ ಎಂದು ಕಾಯ್ದೆಯಲ್ಲೇ ಬರೆದಿದೆ. ಶೇ. 40 ಅಥವಾ ಹೆಚ್ಚಿನ ನ್ಯೂನತೆ ದೃಢಪಟ್ಟ ಮಗುವಿಗೆ 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಉಂಟು.

ಪರೀಕ್ಷೆಯ ವಿಚಾರವೂ ಹೀಗೇ. ಕೇಂದ್ರದ 2018ರ ಮಾರ್ಗಸೂಚಿಯಂತೆ ಬರೆಯುವವರ ಸಹಾಯ ಮತ್ತು ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಸಿಗಬೇಕು. ಶೇ. 40ರ ಮಿತಿ ಮುಟ್ಟದವರಿಗೂ ಬರೆಯುವವರನ್ನು ನಿರಾಕರಿಸಬಾರದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿತು. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ವಿಶೇಷ ಅಗತ್ಯದ ಮಕ್ಕಳಿಗೆ ಇಂತಹ ಸೌಲಭ್ಯ ಇದೆ, ಆದರೆ ಶಾಲೆಯ ಮೂಲಕ ಮುಂಚಿತವಾಗಿ ಅರ್ಜಿ ಹೋಗಬೇಕು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಸರ್ಟಿಫಿಕೇಟಿಗೆ ಓಡಿದರೆ ಆಗುವುದಿಲ್ಲ.

ಶಾಲೆಯ ದಾರಿ ಪೂರ್ತಿ ಕಷ್ಟವಾದವರಿಗೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಹತ್ತನೇ ತರಗತಿಗೆ ಐದು ವಿಷಯ, ಅದರಲ್ಲಿ ಒಂದೇ ಭಾಷೆ ಇದ್ದರೆ ಸಾಕು. ಐದನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ, ಐದು ವರ್ಷದೊಳಗೆ ಸ್ವಲ್ಪ ಸ್ವಲ್ಪ ಮುಗಿಸಬಹುದು. ಮೂರು ಭಾಷೆಯಲ್ಲಿ ಮುಗ್ಗರಿಸುವ ಮಗುವಿಗೆ ಇದು ದೊಡ್ಡ ಬಿಡುಗಡೆ.

ಮೊದಲು ಎಲ್ಲಿಗೆ ಹೋಗುವುದು?

ಮೊದಲು ಕಣ್ಣು, ಕಿವಿ ತೋರಿಸಿ. ಅಲ್ಲಿ ತೊಂದರೆ ಇಲ್ಲ ಎಂದಾದರೆ ಮಕ್ಕಳ ಡಾಕ್ಟರ್, ಅವರ ಮೂಲಕ ಕ್ಲಿನಿಕಲ್ ಸೈಕಾಲಜಿಸ್ಟ್. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯನ್ನೇ ದೇಶದಲ್ಲಿ ಪ್ರಮಾಣಪತ್ರಕ್ಕೆ ಬಳಸಬೇಕು ಎಂದು 2018ರ ಸರಕಾರಿ ಸೂಚನೆ ಹೇಳಿತು. ಪ್ರಮಾಣಪತ್ರಕ್ಕೆ ಎಂಟು ವರ್ಷ ತುಂಬಿರಬೇಕು ಎಂದೂ ಅದರಲ್ಲಿದೆ. ಆದರೆ ಸಹಾಯಕ್ಕೆ ಎಂಟು ವರ್ಷದ ತನಕ ಕಾಯಬೇಕಾಗಿಲ್ಲ. ಒಂದನೇ ತರಗತಿಯಲ್ಲೇ ಪದಗಳ ಪ್ರಾಸ ಹಿಡಿಯಲಾಗದೆ, ಅಕ್ಷರ ಕಲಿತು ಮರುದಿನವೇ ಮರೆಯುವ ಮಗುವಿಗೆ ಅವತ್ತೇ ಬೇರೆ ಥರ ಕಲಿಸಲು ಶುರು ಮಾಡಬಹುದು.

ಜಿಲ್ಲಾ ಆಸ್ಪತ್ರೆಯಲ್ಲಿ ಯುಡಿಐಡಿ ಕಾರ್ಡಿನ ಬಗ್ಗೆ ವಿಚಾರಿಸಿ. ಸರಕಾರಿ ಶಾಲೆಯ ಮಗುವಾದರೆ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಅಂದರೆ ಬಿಆರ್‌ಸಿಗೆ ಹೋಗಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕಾಣಿ. ಅವರಿಗೆ ಬಿಐಇಆರ್‌ಟಿ ಎನ್ನುತ್ತಾರೆ. ಇಂತಹ ಶಿಕ್ಷಕರು ಇದ್ದಾರೆ ಎಂಬುದೇ ನಮಗೆ ಗೊತ್ತಿರಲಿಲ್ಲ.

ಹಣ ಹೊಂದಿಸಿ ವಿಶೇಷ ಶಾಲೆಗೆ ಸೇರಿಸುವುದೆಂದರೆ, ವಸತಿ ಇರಲಿ ಇಲ್ಲದಿರಲಿ, ಫಾರಂ ತುಂಬುವ ಮೊದಲು ಈ ಪ್ರಶ್ನೆಗಳನ್ನು ಕೇಳಿ:

ಕಲಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ ನೋಂದಾಯಿತರಾದ ವಿಶೇಷ ಶಿಕ್ಷಕರಾ?

ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು? ನಮ್ಮ ಮಗುವಿಗೆ ಓದಿನ ಪಾಠ ದಿನಕ್ಕೆ ಎಷ್ಟು ನಿಮಿಷ?

ಯಾವ ಭಾಷೆಯಲ್ಲಿ ಮೊದಲು ಓದು ಕಲಿಸುತ್ತೀರಿ?

ಮಗು ಎಷ್ಟು ಮುಂದೆ ಹೋಗಿದೆ ಎಂದು ಎಷ್ಟು ತಿಂಗಳಿಗೊಮ್ಮೆ ಅಳೆದು ನಮಗೆ ತೋರಿಸುತ್ತೀರಿ?

ಸಾಮಾನ್ಯ ಶಾಲೆಗೆ ಮರಳುವುದು ಯಾವಾಗ, ಹೇಗೆ?

ರಾತ್ರಿ ಮಗುವಿನ ಹತ್ತಿರ ಯಾರಿರುತ್ತಾರೆ? ಮನೆಗೆ ಬೇಕಾದಾಗ ಫೋನ್ ಮಾಡಬಹುದಾ?

ಹೊಡೆಯುತ್ತೀರಾ?

ಕೊನೆಯದ್ದನ್ನು ಕೇಳಲು ಸಂಕೋಚ ಬೇಡ. ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮೂರು ತಿಂಗಳಲ್ಲಿ ಪೂರ್ತಿ ಗುಣ ಮಾಡುತ್ತೇವೆ, ಟಾನಿಕ್ ಕೊಡುತ್ತೇವೆ, ಬಣ್ಣದ ಕನ್ನಡಕ ಹಾಕುತ್ತೇವೆ ಎನ್ನುವವರ ಬಾಗಿಲಿನಿಂದ ಹಾಗೇ ವಾಪಸ್ ಬನ್ನಿ. ಡಿಸ್ಲೆಕ್ಸಿಯಾ ಹೋಗುವುದಿಲ್ಲ, ಓದು ಬರುತ್ತದೆ. ನಿಧಾನವಾಗಿ ಬರುತ್ತದೆ.

ಅಕ್ಕಿಯ ಮೊರದಲ್ಲಿ ಅಕ್ಷರ

ನಮ್ಮ ಹುಡುಗನಿಗೆ ನಾವು ದೂರದ ಶಾಲೆ ಹುಡುಕಲಿಲ್ಲ, ಅಷ್ಟು ಹಣವೂ ಇರಲಿಲ್ಲ. ಊರಿನ ಶಾಲೆಯಲ್ಲೇ ಮುಂದುವರಿಸಿ, ವಾರಕ್ಕೆ ಮೂರು ದಿನ ಸಂಜೆ ಒಬ್ಬರು ವಿಶೇಷ ಶಿಕ್ಷಕಿಯ ಹತ್ತಿರ ಕಳುಹಿಸಿದೆವು. ಆ ಟೀಚರ್ ಅವನ ಉಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. 'ನೀವು ಕಲಿತರೆ ಉಳಿದ ನಾಲ್ಕು ದಿನವೂ ಪಾಠ ಆಗ್ತದೆ' ಎಂದರು.

ಮೊರದಲ್ಲಿ ಅಕ್ಕಿ ಹರಡಿ ಬೆರಳಿನಿಂದ ಬರೆಸಿದೆವು. ಬರೆಯುವಾಗ ಸದ್ದನ್ನು ಗಟ್ಟಿಯಾಗಿ ಹೇಳಬೇಕು. ಒಂದೇ ಥರ ಕಾಣುವ ಅಕ್ಷರಗಳನ್ನು ಒಟ್ಟಿಗೆ ಕಲಿಸಲಿಲ್ಲ. 'ಪ' ಗಟ್ಟಿಯಾಗಿ ಎಷ್ಟೋ ವಾರದ ನಂತರ 'ಷ' ಬಂತು. ಒತ್ತಕ್ಷರಕ್ಕೆ ಚಪ್ಪಾಳೆ: ಅಕ್ಕ, ಕತ್ತೆ, ಬೆಲ್ಲ, ಒತ್ತು ಬರುವಲ್ಲಿ ಜೋರಾಗಿ ಒಂದು ತಟ್ಟು. ದಿನಕ್ಕೆ ಇಪ್ಪತ್ತೇ ನಿಮಿಷ, ಆದರೆ ಒಂದು ದಿನವೂ ಬಿಡದೆ. ಪಾಠದ ಪುಸ್ತಕವನ್ನು ಅಕ್ಕ ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿಟ್ಟಳು. ಅದನ್ನು ಕೇಳಿಕೊಂಡು ಸಾಲಿನ ಮೇಲೆ ಬೆರಳಿಟ್ಟು ಹೋಗುವುದು ಅವನ ಕೆಲಸ.

ಮದ್ರಸದ ಉಸ್ತಾದರನ್ನೂ ಹೋಗಿ ಕಂಡೆವು. ವರದಿಯನ್ನು ತೋರಿಸಿ ವಿವರಿಸಿದಾಗ ಅವರು ತುಂಬ ಹೊತ್ತು ಯೋಚಿಸಿದರು. ಮತ್ತೆ, 'ನನ್ನ ಕ್ಲಾಸಿನಲ್ಲಿ ಇಂತಹವರು ಇನ್ನೂ ಇಬ್ಬರಿದ್ದಾರೆ' ಎಂದರು. ಎಲ್ಲರ ಮುಂದೆ ಎಬ್ಬಿಸಿ ಓದಿಸುವುದನ್ನು ಅವರು ಅವತ್ತೇ ನಿಲ್ಲಿಸಿದರು. ಮೊದಲು ಬಾಯಲ್ಲಿ ಒಪ್ಪಿಸಲಿ, ಆಮೇಲೆ ಅದನ್ನೇ ಕಿತಾಬಿನಲ್ಲಿ ತೋರಿಸಲಿ ಎಂದರು. ಅಷ್ಟಕ್ಕೇ ಎಷ್ಟು ವ್ಯತ್ಯಾಸ ಆಯಿತು ಎಂದರೆ ಹೇಳಿದರೆ ನಂಬಲಿಕ್ಕಿಲ್ಲ.

ಸುಮ್ಮನೆ ಕೂರುವ ಹುಡುಗಿಯರು

ಒಂದು ಮಾತು ಹೇಳದೆ ಮುಗಿಸಲಾಗದು. ಗಲಾಟೆ ಮಾಡುವ ಹುಡುಗನನ್ನು ಯಾರಾದರೂ ಒಂದು ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ, ಪಕ್ಕದವಳ ಪುಸ್ತಕ ನೋಡಿ ಚಂದದ ಅಕ್ಷರದಲ್ಲಿ ನಕಲು ಮಾಡುವ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದರೆ 'ಅವಳಿಗೆ ಓದು ತಲೆಗೆ ಹತ್ತುವುದಿಲ್ಲ, ಒಂದು ಸಂಬಂಧ ನೋಡುವ' ಎಂದು ಅಲ್ಲಿಗೇ ಮುಗಿಯುತ್ತದೆ. ಡಿಸ್ಲೆಕ್ಸಿಯಾ ಹುಡುಗರಿಗೆ ಮಾತ್ರ ಬರುವುದಲ್ಲ. ನಮ್ಮ ಸಮುದಾಯದ ಹೆಣ್ಣುಮಕ್ಕಳು ಕಾಲೇಜಿನಲ್ಲಿ ಮುಂದೆ ಇದ್ದಾರೆ ಎಂದು ಹೆಮ್ಮೆ ಪಡುವ ನಾವು, ಮೂರನೇ ತರಗತಿಯಲ್ಲೇ ಹಿಂದೆ ಉಳಿದವರ ಲೆಕ್ಕವನ್ನೂ ಇಡಬೇಕು.

ಜಮಾಅತ್‌ಗಳು, ಸಂಘಟನೆಗಳು ಪ್ರತಿ ವರ್ಷ ರ್‍ಯಾಂಕ್ ಬಂದವರಿಗೆ ಶಾಲು ಹೊದೆಸುತ್ತವೆ, ಬಡ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತವೆ. ಬಹಳ ಒಳ್ಳೆಯದು. ಅದೇ ಹಣದ ಒಂದು ಪಾಲಿನಲ್ಲಿ ಇಬ್ಬರು ಶಿಕ್ಷಕಿಯರಿಗೆ ವಿಶೇಷ ಶಿಕ್ಷಣದ ತರಬೇತಿ ಕೊಡಿಸಿದರೆ, ಊರಿನ ಮದ್ರಸ ಕಟ್ಟಡದಲ್ಲಿ ಸಂಜೆ ಖಾಲಿ ಇರುವ ಒಂದು ಕೋಣೆ ಬಿಟ್ಟುಕೊಟ್ಟರೆ, ನಮ್ಮಲ್ಲೂ ಒಂದು ಸಣ್ಣ ಡೇ ಸ್ಕೂಲ್ ಆಗುತ್ತದೆ. ಬಫಲೋದ ಗೌ ಸ್ಕೂಲ್ ಕೂಡ ಒಬ್ಬ ಮೇಷ್ಟ್ರಿಂದಲೇ ಶುರುವಾದದ್ದು.

ನಮ್ಮ ಹುಡುಗನಿಗೆ ಈಗ ಹದಿಮೂರು. ಪತ್ರಿಕೆಯ ಒಂದು ಸುದ್ದಿಯನ್ನು ಅವನ ತಂಗಿ ಎರಡು ನಿಮಿಷದಲ್ಲಿ ಓದಿದರೆ ಅವನಿಗೆ ಏಳೆಂಟು ನಿಮಿಷ ಬೇಕು. ಆದರೆ ಓದಿ ಮುಗಿಸುತ್ತಾನೆ, ಓದಿದ್ದನ್ನು ತಂಗಿಗಿಂತ ಚೆನ್ನಾಗಿ ವಿವರಿಸುತ್ತಾನೆ. ಕಳೆದ ಪೆರ್ನಾಲ್‌ಗೆ ಊರಿಗೆ ಬಂದಿದ್ದ ಉಪ್ಪ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ಯಾಂಕಿನಿಂದ ಬಂದ ಕನ್ನಡ ಪತ್ರವನ್ನು ಓದಿಸಿದರು. ಹುಡುಗ ಬೆರಳಿಟ್ಟು ನಿಧಾನಕ್ಕೆ ಓದಿದ. ಉಪ್ಪ ಅವಸರ ಮಾಡಲಿಲ್ಲ.

ಅವನ ಹೊಟ್ಟೆನೋವು ಯಾವಾಗ ನಿಂತಿತು ಎಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ನಿಮ್ಮ ಮನೆಯಲ್ಲೂ ಬೆಳಗ್ಗೆ ಮಾತ್ರ ಹೊಟ್ಟೆನೋವು ಬರುವ ಮಗು ಇದ್ದರೆ, ಹಾಸ್ಟೆಲಿನ ಫಾರಂ ತರುವ ಮೊದಲು ಒಮ್ಮೆ ಅದರ ಪಕ್ಕ ಕುಳಿತು ನಾಲ್ಕು ಸಾಲು ಓದಿಸಿ ನೋಡಿ. ಬೈಯಲಿಕ್ಕಲ್ಲ, ಕೇಳಲಿಕ್ಕೆ.